ಕಾಲುವೆಯಾಚೆಯ ಬಡಾವಣೆ

ತಾಪತ್ರಯಕ್ಕೆಲ್ಲ ಮೂಲ ಅರ್ಜಿಯಲ್ಲಿದ್ದ ಒಂದು ಖಾಲಿ ಗೆರೆ. ಹೆಸರು, ವಯಸ್ಸು, ಪಾಸ್‌ಪೋರ್ಟ್ ಸಂಖ್ಯೆ ಎಲ್ಲ ತುಂಬಿಯಾಗಿತ್ತು. ‘ತಂಗುವ ಬಡಾವಣೆ’ ಎಂಬಲ್ಲಿಗೆ ಬಂದು ಹೂಂಗುಟ್ಟಪ್ಪನ ಪೆನ್ನು ಹದಿನೈದು ದಿನದಿಂದ ಮುಷ್ಕರ ಹೂಡಿತ್ತು. ಇವತ್ತು ಸಂಜೆ ಐದಕ್ಕೆ ಗಡುವು ಮುಗಿಯುತ್ತಿತ್ತು.

ಹೂಂಗುಟ್ಟಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತು, ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದವರಿಗೂ ‘ಹೂಂ’, ನೀರು ನಿಲ್ಲುತ್ತಲೇ ಇಲ್ಲ ಎಂದವರಿಗೂ ‘ಹೂಂ’ ಎಂದು ಸಂಪಾದಿಸಿದ ಬಿರುದು ಅದು. ನೀರು ಬಂದರೂ ಬರದಿದ್ದರೂ ಜನ ಸಮಾಧಾನದಿಂದಲೇ ಮನೆಗೆ ಹೋಗುತ್ತಿದ್ದರು.

ನಾಲ್ಕು ವರ್ಷಕ್ಕೊಮ್ಮೆ ಕಚೇರಿಗೆ ಸುಣ್ಣಬಣ್ಣ ಹೊಡೆಸುವ ವಾರ ಬೀಗ ಬೀಳುತ್ತಿತ್ತು, ಸಿಬ್ಬಂದಿಗೆಲ್ಲ ಮನೆಯವರ ಸಮೇತ ಕಚೇರಿಯದೇ ಪ್ರವಾಸ. ಈ ಸಲ ಆಗ್ನೇಯ ಏಷ್ಯಾದ ಒಂದು ರಾಜಧಾನಿ. ವಿಮಾನ ಒಂದೇ, ಏಜೆಂಟ್ ಒಬ್ಬನೇ. ಆದರೆ ಅಲ್ಲಿ ಯಾವ ಬಡಾವಣೆಯಲ್ಲಿ ಉಳಿಯಬೇಕೆಂಬುದು ಅವರವರ ಇಷ್ಟ. ನದಿ ದಂಡೆ, ಹಳೇ ಮಾರ್ಕೆಟ್, ದೊಡ್ಡ ಅಂಗಡಿಗಳ ಬೀದಿ, ಕಾಲುವೆಯಾಚೆ, ಹೀಗೆ ನಾಲ್ಕು ಜಾಗಗಳು. ಒಮ್ಮೆ ಮುದ್ರೆ ಬಿತ್ತೆಂದರೆ ಮುಗಿಯಿತು, ಬದಲಾವಣೆ ಇಲ್ಲ.

ಬೆಳಿಗ್ಗೆ ಹೆಂಡತಿ ಅವನ ಷರ್ಟಿಗೆ ಗುಂಡಿ ಹೊಲಿಯುತ್ತ ಷರತ್ತು ಹಾಕಿದಳು.

“ರೀ, ಏಳು ದಿನ ನಂಗೆ ಪರಿಚಯದ ಮುಖ ಒಂದೂ ಕಾಣಬಾರದು. ಮೇಲೆ ಸ್ಟೋರ್‌ಕೀಪರ್, ಕೆಳಗೆ ಸೂಪರಿಂಟೆಂಡೆಂಟ್, ಎದುರಿಗೆ ಟೈಪಿಸ್ಟ್. ನಾನು ಒಂದು ಸೀನು ಸೀನಿದ್ರೆ ಮೇಲಿಂದ ದಾರಕ್ಕೆ ಕಟ್ಟಿ ಮಾತ್ರೆ ಇಳಿಸ್ತಾರೆ. ಒಳ್ಳೇ ಜನಾನೇ, ಇಲ್ಲ ಅನ್ನಲ್ಲ. ಆದ್ರೆ ಸಾಕಾಗಿದೆ.”

“ಹೂಂ.”

“ಹೂಂ ಅಲ್ಲ! ಮದುವೆಯಾದಾಗಿಂದ ಯಾವುದಾದ್ರೂ ಒಂದನ್ನ ನೀವಾಗಿ ತೀರ್ಮಾನ ಮಾಡಿದ್ದೀರಾ? ಇದೊಂದು ಮಾಡಿ. ಆಗಲ್ಲ ಅಂದ್ರೆ ನೀವೊಬ್ರೇ ಹೋಗ್ಬನ್ನಿ. ಎಲ್ರೂ ಹೋದ್ಮೇಲೆ ಈ ಕ್ವಾರ್ಟರ್ಸೇ ನಂಗೆ ವಿದೇಶ!”

ಹೂಂಗುಟ್ಟಪ್ಪನಿಗೆ ಹೆಂಡತಿಯೆಂದರೆ ಪ್ರಾಣ. ಅವಳನ್ನು ಬಿಟ್ಟು ಪಕ್ಕದ ಊರಿಗೆ ಹೋದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಉಪಾಯವಂತೂ ದಾರಿಯಲ್ಲೇ ಹೊಳೆಯಿತು. ಯಾರ‍್ಯಾರು ಎಲ್ಲೆಲ್ಲಿ ಉಳಿಯುತ್ತಾರೆ ಎಂದು ಮೊದಲು ತಿಳಿದುಕೊಳ್ಳುವುದು, ಯಾರೂ ಹೋಗದ ಕಡೆಗೆ ಹೆಸರು ಬರೆಸುವುದು.

ಸೂಪರಿಂಟೆಂಡೆಂಟರು ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಅದು ಸುರುಳಿ ಸುತ್ತದಂತೆ ನಾಲ್ಕು ಮೂಲೆಗೂ ನೀರಿನ ಮೀಟರ್ ಹೇರಿದ್ದರು.

“ನದಿ ದಂಡೆ ಕಣಯ್ಯಾ! ಕಿಟಕಿ ತೆಗೆದ್ರೆ ದೋಣಿ. ನೀನೂ ಅಲ್ಲಿಗೇ ಬಾ. ಬೆಳಿಗ್ಗೆ ಐದಕ್ಕೇ ಎಬ್ಬಿಸ್ತೀನಿ, ನಡೆಯೋಣ.”

“ಹೂಂ ಸಾರ್. ಆ ಕಾಲುವೆಯಾಚೆ ಹೇಗೆ ಸಾರ್?”

“ಅಯ್ಯೋ, ಆ ಕಡೆ ತಲೆ ಹಾಕಬೇಡ! ಒಂದೊಂದು ಸೊಳ್ಳೆ ಗುಬ್ಬಚ್ಚಿ ಗಾತ್ರ.”

ಸ್ಟೋರ್‌ಕೀಪರ್ ಪೈಪುಗಳ ನಡುವೆ ಕೂತು ತನ್ನ ಪಟ್ಟಿ ಓದಿದ. “ಹಳೇ ಮಾರ್ಕೆಟ್ ಕಣೋ. ನಮ್ಮನೆಯವಳು ಛತ್ರಿ, ಚಾಪೆ, ಪಿಂಗಾಣಿ ಎಲ್ಲ ತಗೋಬೇಕಂತೆ. ನೀನೂ ಅಲ್ಲೇ ಇದ್ರೆ ಹೊರೋಕೊಂದು ಕೈ ಆಗುತ್ತೆ.”

“ಹೂಂ. ಕಾಲುವೆಯಾಚೆ?”

“ಸತ್ತರೂ ಹೋಗ್ಬೇಡ. ಆ ಗಲ್ಲಿಗೆ ಹೊಕ್ಕವನು ವಾಪಸ್ ಬಂದ ದಾಖಲೆ ಇಲ್ಲ!”

ಟೈಪಿಸ್ಟ್ ಮೇಡಂ ಕೀಲಿಗಳ ಮೇಲಿಂದ ಬೆರಳು ತೆಗೆಯದೆಯೇ ಉತ್ತರ ಕೊಟ್ಟರು. “ನಾವು ದೊಡ್ಡ ಅಂಗಡಿಗಳ ಬೀದಿ. ನೀವೂ ಬನ್ನಿ. ನಾನು ಅಂಗಡಿ ಸುತ್ತುವಾಗ ನಮ್ಮನೆಯವರಿಗೆ ಜೊತೆ ಬೇಕು. ಅವರು ಮಾತಾಡಲ್ಲ, ನೀವು ಹೂಂ ಅಂತೀರಿ. ಒಳ್ಳೇ ಜೋಡಿ.”

“ಹೂಂ. ಆ ಕಾಲುವೆಯಾಚೆ…”

“ಥೂ! ಬೆಳಗಿಂದ ಸಂಜೇವರೆಗೂ ತಗಡು ಬಡೀತಾರಂತೆ.”

ಹೂಂಗುಟ್ಟಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಗುಬ್ಬಚ್ಚಿಯಂಥ ಸೊಳ್ಳೆಯಿರಲಿ, ಹದ್ದಿನಂಥದೇ ಇರಲಿ, ಇವರಿಲ್ಲದಿದ್ದರೆ ಸಾಕು!

ಆದರೆ ಎರಡು ದೋಣಿಯ ಮೇಲೆ ಕಾಲಿಟ್ಟವನ ಗತಿ ಎಲ್ಲರಿಗೂ ಗೊತ್ತು. ಇವನು ಮೂರರ ಮೇಲೆ ಇಟ್ಟಿದ್ದ. ಮಧ್ಯಾಹ್ನ ಊಟದ ಡಬ್ಬಿಗಳು ಬಿಚ್ಚಿಕೊಳ್ಳುತ್ತಿದ್ದಂತೆ ಸೂಪರಿಂಟೆಂಡೆಂಟರು ಘೋಷಿಸಿದರು: “ನಮ್ಮ ಹೂಂಗುಟ್ಟಪ್ಪನೂ ನದಿ ದಂಡೆಗೇ ಬರ್ತಿದ್ದಾನೆ.”

“ಯಾರು? ಅವನು ನನ್ನ ಜೊತೆ ಮಾರ್ಕೆಟ್ಟಿಗೆ!” ಎಂದ ಸ್ಟೋರ್‌ಕೀಪರ್.

“ನಂಗೆ ಬೆಳಿಗ್ಗೆ ಮಾತು ಕೊಟ್ಟಿದ್ದಾರೆ,” ಎಂದರು ಟೈಪಿಸ್ಟ್ ಮೇಡಂ.

“ನಂಗೆ ಬೆಳ್ಳಂಬೆಳಿಗ್ಗೆ ಕೊಟ್ಟಿದ್ದಾನೆ!” ಎಂದರು ಸೂಪರಿಂಟೆಂಡೆಂಟರು.

ಮೂವರೂ ಕೈ ತೊಳೆಯದೆಯೇ ಎದ್ದು ಬಂದು ಅವನನ್ನು ಸುತ್ತುವರಿದರು. ಸೂಪರಿಂಟೆಂಡೆಂಟರ ಬೆರಳು ಮೂಗಿನ ತುದಿಗೇ ಬಂತು. “ನಿಜ ಹೇಳು. ಯಾವ ಕಡೆ?”

ಹೂಂ ಎನ್ನಲು ಬರುವ ಪ್ರಶ್ನೆಯಾಗಿರಲಿಲ್ಲ ಅದು. ಅತ್ತ ದರಿ, ಇತ್ತ ಪುಲಿ. ಹೂಂಗುಟ್ಟಪ್ಪನ ಬಾಯಿ ತನ್ನಿಂದ ತಾನೇ ತೆರೆದುಕೊಂಡು, “ನಾವು… ನಾವು ಬರ್ತಾನೇ ಇಲ್ಲ. ಇವಳಿಗೆ ಬಲಗಾಲಿನ ಮೊಣಕಾಲು ಹಿಡ್ಕೊಂಡುಬಿಟ್ಟಿದೆ. ಎದ್ದು ನಿಲ್ಲೋಕೇ ಆಗ್ತಿಲ್ಲ,” ಎಂದುಬಿಟ್ಟಿತು.

ಟೈಪಿಸ್ಟ್ ಮೇಡಂ ಕಣ್ಣೊರೆಸಿಕೊಂಡರು. ಸ್ಟೋರ್‌ಕೀಪರ್ ಡಬ್ಬಿ ಮುಚ್ಚಿದ.

“ಛೆ ಛೆ, ಅಷ್ಟು ಓಡಾಡೋ ಹೆಣ್ಣುಮಗಳು! ನಡೀರಿ,” ಎಂದರು ಸೂಪರಿಂಟೆಂಡೆಂಟರು.

“ಎ… ಎಲ್ಲಿಗೆ ಸಾರ್?”

“ಎಲ್ಲಿಗೆ ಅಂದ್ರೆ? ನೋಡೋಕೆ!”

ಕ್ವಾರ್ಟರ್ಸ್ ಕಚೇರಿಯ ಹಿಂಬದಿಯಲ್ಲೇ ಇತ್ತು. ಹೂಂಗುಟ್ಟಪ್ಪ ಬಾಣದಂತೆ ಮುಂದೆ ಓಡಿ ಮನೆಗೆ ನುಗ್ಗಿದಾಗ ಹೆಂಡತಿ ಸ್ಟೂಲ್ ಮೇಲೆ ನಿಂತು ಜೇಡರ ಬಲೆ ತೆಗೆಯುತ್ತಿದ್ದಳು.

“ಇಳಿ! ಮೊಣಕಾಲು! ಮಲಕ್ಕೋ! ಬರ್ತಿದ್ದಾರೆ!”

ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಹೆಚ್ಚು ವಿವರಣೆ ಬೇಕಾಗಲಿಲ್ಲ. ಸ್ಟೂಲಿನಿಂದ ಮಂಚಕ್ಕೆ ಒಂದೇ ನೆಗೆತ. ದಿಂಬಿನ ಮೇಲಿದ್ದ ಟವೆಲನ್ನು ಮೊಣಕಾಲಿಗೆ ಸುತ್ತಿ ನರಳತೊಡಗಿದಳು. ಬಲಗಾಲು ಎಂದು ಹೇಳುವುದನ್ನು ಗಂಡ ಮರೆತಿದ್ದ, ಸುತ್ತಿದ್ದು ಎಡಗಾಲಿಗೆ.

“ಬಲಗಾಲು ಅಂದಿದ್ನಲ್ಲ?” ಎಂದು ಸೂಪರಿಂಟೆಂಡೆಂಟರು ಹುಬ್ಬೇರಿಸಿದರು.

“ಬಲಗಡೆ ಶುರುವಾಗಿ ಈ ಕಡೆ ಬಂತು ಸಾರ್,” ಎಂದಳು ಅವಳು ನರಳಾಟ ನಿಲ್ಲಿಸದೆ.

ಸುದ್ದಿ ಕ್ವಾರ್ಟರ್ಸಿಗೆಲ್ಲ ಹಬ್ಬಿತು. ಸ್ಟೋರ್‌ಕೀಪರ್ ಹೆಂಡತಿ ಬಿಸಿನೀರಿನ ಚೀಲ ತಂದಳು. ಸೂಪರಿಂಟೆಂಡೆಂಟರ ಹೆಂಡತಿ ಮುಲಾಮು ತಂದು ಎರಡೂ ಕಾಲಿಗೆ ತಿಕ್ಕಿದರು, ಎತ್ತ ಓಡುತ್ತದೋ ಹೇಳಲಾಗದಲ್ಲ! ಗಂಡಸರನ್ನು ಹೊರಗೆ ಅಟ್ಟಿ ಹೆಂಗಸರು ಬಾಗಿಲು ಮುಚ್ಚಿಕೊಂಡರು.

ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು. ಹೂಂಗುಟ್ಟಪ್ಪ ಅರ್ಜಿಯನ್ನು ಅಂಗಿಯೊಳಗೆ ತುರುಕಿಕೊಂಡು, ಹಿತ್ತಿಲಲ್ಲಿ ಒಣಗಲು ಹಾಕಿದ್ದ ಸೂಪರಿಂಟೆಂಡೆಂಟರ ಪೈಜಾಮದ ಕೆಳಗೆ ನುಸುಳಿ, ಕಾಂಪೌಂಡ್ ಹಾರಿದ. ಮೊಬೈಲ್ ಮೇಜಿನ ಮೇಲೇ ಉಳಿದದ್ದು ಅವನಿಗೆ ನೆನಪಾದದ್ದು ಏಜೆಂಟನ ಬಾಗಿಲಲ್ಲಿ. ನಿನ್ನೆಯಾಗಿದ್ದರೆ ಹೆಂಡತಿಗೆ ಫೋನ್ ಮಾಡಿ ಕೇಳದೆ ಒಳಗೆ ಕಾಲಿಡುತ್ತಿರಲಿಲ್ಲ.

“ಯಾವ ಬಡಾವಣೆ ಸಾರ್?” ಎಂದ ಏಜೆಂಟ್.

“ಕಾಲುವೆಯಾಚೆ!”

ಏಜೆಂಟ್ ಕನ್ನಡಕದ ಮೇಲಿಂದ ನೋಡಿದ. “ಗ್ಯಾರಂಟಿನಾ? ಆಮೇಲೆ ಬದಲಾಯಿಸೋಕಾಗಲ್ಲ.”

“ನನ್ನ ಸ್ವಂತ ತೀರ್ಮಾನ. ಹಾಕ್ರೀ ಮುದ್ರೆ!”

ಮುದ್ರೆ ಬಿತ್ತು. ಏಜೆಂಟ್ ಯಾಕೋ ಮೀಸೆಯಲ್ಲೇ ನಕ್ಕ. ಹೂಂಗುಟ್ಟಪ್ಪನಿಗೆ ಅದನ್ನೆಲ್ಲ ಗಮನಿಸುವ ವ್ಯವಧಾನವಿರಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಒಂದು ಮಾತನ್ನು ತಾನೇ ಆಡಿದ್ದ. ಬಸ್ಸು ಹತ್ತದೆ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡೇ ನಡೆದ.

ಮನೆಗೆ ಬಂದಾಗ ಜನವೆಲ್ಲ ಕರಗಿತ್ತು. ಹೆಂಡತಿ ಕಾಲ ಮೇಲೆ ಕಾಲು ಹಾಕಿಕೊಂಡು ಚಹ ಕುಡಿಯುತ್ತಿದ್ದಳು. ಮನೆಯೆಲ್ಲ ಮುಲಾಮಿನ ಘಾಟು.

“ಕಾಲುವೆಯಾಚೆ ಹಾಕಿಸ್ದೆ ಕಣೇ! ಒಂದು ನರಪಿಳ್ಳೆ ಬರಲ್ಲ ಅಲ್ಲಿಗೆ!”

“ಗೊತ್ತು. ಕೂತ್ಕೊಳ್ಳಿ,” ಎಂದಳು ಅವಳು ಮೃದುವಾಗಿ. “ನಾವು ಬರಲ್ಲ ಅಂತ ನೀವು ಸಾರಿಬಿಟ್ರಲ್ಲ, ಇನ್ನು ನನ್ನ ಹತ್ರ ಮುಚ್ಚಿಡೋದೇನು ಅಂತ ಹೆಂಗಸರು ಒಬ್ಬೊಬ್ರಾಗಿ ಕಿವಿಯಲ್ಲಿ ಹೇಳಿದ್ರು. ಸೂಪರಿಂಟೆಂಡೆಂಟರ ಹೆಂಡತಿ ಅಂದ್ರು, ‘ನದಿ ದಂಡೆ ಅಂತ ಹೇಳೋದೆಲ್ಲ ಬರೀ ಬೂಟಾಟಿಕೆ ಕಣಮ್ಮಾ, ನಾವು ಕಾಲುವೆಯಾಚೆ ಹಾಕಿಸಿದ್ದೀವಿ. ಈ ಕ್ವಾರ್ಟರ್ಸಿನವರ ಕಾಟ ಇರಬಾರದು ನೋಡು.’ ಆಮೇಲೆ ಸ್ಟೋರ್‌ಕೀಪರ್ ಹೆಂಡತಿ ಹೇಳಿದ್ದೂ ಅದೇ. ಟೈಪಿಸ್ಟ್ ಮೇಡಂ ಹೇಳಿದ್ದೂ ಅದೇ. ಎಲ್ರೂ ಒಂದೇ ಹೋಟೆಲ್. ಮೂವರೂ ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು.”

ಹೂಂಗುಟ್ಟಪ್ಪ ಅರ್ಜಿಯನ್ನೇ ನೋಡಿದ. ಮುದ್ರೆಯ ಶಾಯಿ ಆಗಲೇ ಒಣಗಿತ್ತು.

“ಹಂಗಾದ್ರೆ ನೀನು ಬರಲ್ವಾ?” ಎಂದ.

“ಬರ್ತೀನಿ ರೀ! ನಿಮಗೆ ಫೋನ್ ಮಾಡಿದ್ರೆ ಅದು ಇಲ್ಲೇ ಬಡ್ಕೊಳ್ತು. ಏಜೆಂಟಿಗೆ ಮಾಡ್ದೆ. ‘ಸಾಹೇಬ್ರು ಈಗ ತಾನೇ ಮುದ್ರೆ ಹಾಕಿಸ್ಕೊಂಡು ಹೋದ್ರು, ಅವರದು ಬದಲಾಗಲ್ಲ. ನಿಮ್ಮ ಸಹಿ ಬಿದ್ದಿಲ್ಲ ಅಂತ ನಿಮ್ಮ ಹೆಸರಿಗೆ ಇನ್ನೂ ಮುದ್ರೆ ಹಾಕಿಲ್ಲ. ಐದರೊಳಗೆ ಫೋನಲ್ಲೇ ಹೇಳಿದ್ರೂ ಸಾಕು, ಸಹಿ ನಾಳೆ ಹಾಕಿ’ ಅಂದ. ನನ್ನದನ್ನ ನದಿ ದಂಡೆಗೆ ಹಾಕಿಸ್ಕೊಂಡೆ. ಅಲ್ಲಿ ನಮ್ಮವರು ಒಬ್ಬರೂ ಇಲ್ವಂತೆ.”

“ಮತ್ತೆ ನಾನೊಬ್ನೇ ಅಲ್ಲಿ…”

“ಒಬ್ರೇ ಯಾಕೆ? ಸೂಪರಿಂಟೆಂಡೆಂಟರ ಗೊರಕೆ ತಾಳಲಾರದೆ ಅವರ ಮನೆಯವರು ಬೇರೆ ರೂಮು ಕೇಳ್ತಿದ್ರಂತೆ. ನನ್ನ ಮಂಚ ಖಾಲಿಯಾಯ್ತಲ್ಲ, ಸೂಪರಿಂಟೆಂಡೆಂಟರನ್ನ ನಿಮ್ಮ ರೂಮಿಗೇ ಹಾಕ್ತೀನಿ ಅಂದ ಏಜೆಂಟ್. ಒಳ್ಳೇದಾಯ್ತು ಅಂದೆ.”

ಅವಳು ನಕ್ಕು ಅವನ ಅಂಗಿಯ ಕಾಲರ್ ಸರಿ ಮಾಡಿದಳು. “ಬೇಜಾರು ಮಾಡ್ಕೋಬೇಡಿ. ಬುಧವಾರ ಸಾಯಂಕಾಲ ನದಿ ದಂಡೆ ಕಡೆ ಬನ್ನಿ. ನಾನು ಒಬ್ಳೇ ಕೂತಿರ್ತೀನಿ. ಯಾರೋ ಹೊಸಬರ ಥರ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ. ಒಳ್ಳೆಯವರಾಗಿ ಕಂಡ್ರೆ ಮಾತಾಡಿಸ್ತೀನಿ.”

ಅಷ್ಟು ಹೊತ್ತಿಗೆ ಕೆಳಗಿನ ಮನೆಯ ಕಿಟಕಿ ದಡಾರನೆ ತೆರೆದುಕೊಂಡಿತು. ಏಜೆಂಟನ ಫೋನು ಅಲ್ಲಿಗೂ ಹೋಗಿರಬೇಕು.

“ಏನಯ್ಯಾ, ಬರ್ತಿದ್ದೀಯಂತೆ! ಸಂತೋಷ!” ಎಂದು ಕೂಗಿದರು ಸೂಪರಿಂಟೆಂಡೆಂಟರು. “ಫ್ಯಾನ್ ಕೆಳಗಿನ ಮಂಚ ನಂದು, ಈಗಲೇ ಹೇಳಿಬಿಟ್ಟಿದ್ದೀನಿ!”