ಗೋಡೆಯಲ್ಲಿ ಸಿಕ್ಕಿಹಾಕಿಕೊಂಡ ವೀರ

ಯುದ್ಧ ನಡೆದ ಜಾಗ ನೋಡೋಕೆ ಅಂತ ಹೋದೋರು ಸುಮ್ಮನೆ ನೋಡಿಕೊಂಡು ವಾಪಸ್ ಬಂದಿದ್ದನ್ನ ನಾನಂತೂ ಇದುವರೆಗೂ ಕಂಡಿಲ್ಲ. ಏನಾದರೊಂದು ಎಡವಟ್ಟು ಆಗಲೇಬೇಕು. ಆಗದೇ ಇದ್ದ ದಿನ ನಮ್ಮನೆಯವರೇ ಕೇಳ್ತಾರೆ, "ಯಾಕೆ, ಇವತ್ತು ಯಾರೂ ಬಂದಿರ್ಲಿಲ್ವಾ?"

ನಾನು ಬನಶಂಕರಿಯ ಒಂದು ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವಳು. ಸುಮ್ಮನೆ ಕೂರೋಕಾಗದೆ, ತಿಂಗಳ ಕೊನೇ ಭಾನುವಾರ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ಜನರನ್ನ ಹಳೇ ಕೋಟೆ, ವೀರಗಲ್ಲು, ರಣರಂಗ ಅಂತ ಸುತ್ತಿಸ್ತೀನಿ. ನನ್ನದು ಒಂದೇ ಷರತ್ತು. ಹೊರಗಿನವರು ಬಂದು ನಮ್ಮನ್ನ ಹೊಡೆದ ಜಾಗಕ್ಕೆ ಹೋಗಲ್ಲ, ಅದೆಲ್ಲ ಪಠ್ಯಪುಸ್ತಕದಲ್ಲೇ ಇದೆ. ನಮ್ಮೋರು ನಮ್ಮೋರನ್ನೇ ಹೊಡೆದ ಜಾಗಕ್ಕೆ ಮಾತ್ರ. ಅಣ್ಣತಮ್ಮಂದಿರು, ದಾಯಾದಿಗಳು, ಪಕ್ಕದೂರಿನ ಪಾಳೇಗಾರರು. ಅಂಥ ಜಾಗ ಬೇಗ ಮುಗಿದುಹೋಗುತ್ತೇನೋ ಅಂತ ಮೊದಲು ಹೆದರಿದ್ದೆ. ಬೆಳಿಗ್ಗೆ ಹೋಗಿ ಸಂಜೆ ಬರೋ ದೂರದಲ್ಲೇ ನಾನು ಸಾಯೋವರೆಗೂ ಸಾಲುವಷ್ಟಿದೆ.

೧. ಆ ಕಡೆ ಒಬ್ಬಳು, ಈ ಕಡೆ ಒಬ್ಬಳು

ಇದನ್ನೆಲ್ಲ ನಾನು ಶುರು ಮಾಡಿದ್ದೇ ಒಂದು ಕಲ್ಲಿನ ಮೇಲಿನ ಹಟಕ್ಕೆ. ಸುಬ್ರಹ್ಮಣ್ಯಪುರದಲ್ಲಿ ಇಬ್ಬರು ಅಣ್ಣತಮ್ಮಂದಿರ ಜಮೀನಿನಲ್ಲಿ ಒಂದು ವೀರಗಲ್ಲಿದೆ. ಹೊಡೆದಾಟದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಕೆಳಗೆ ಹೊಡೆದಾಟ, ನಡುವೆ ಇಬ್ಬರು ಅಪ್ಸರೆಯರು ವೀರನ ಎಡಗಡೆ ಒಬ್ಬಳು ಬಲಗಡೆ ಒಬ್ಬಳು ನಿಂತು ಸ್ವರ್ಗಕ್ಕೆ ಕರಕೊಂಡು ಹೋಗ್ತಿರೋದು, ಮೇಲೆ ನಾಲ್ಕು ಸಾಲು ಹಳಗನ್ನಡ.

ರಾಗಿ ಬೆಳೀತಿದ್ದ ಜಮೀನಿನಲ್ಲಿ ಬಾಡಿಗೆ ಮನೆ ಬೆಳೆಯೋ ಕಾಲ ಬಂದಾಗ ಪಾಲಾಯ್ತು. ಸರ್ವೆಯವರ ಗೆರೆ ಸರಿಯಾಗಿ ಕಲ್ಲಿನ ನಟ್ಟನಡುವೆ ಹೋಯ್ತು. ಕಲ್ಲು ನನಗೆ ಅಂತ ಅಣ್ಣ, ನನಗೆ ಅಂತ ತಮ್ಮ. ಯಾರೂ ಬಿಡಲಿಲ್ಲ. ಕೊನೆಗೆ ಕಲ್ಲನ್ನ ಹಾಗೇ ನುಂಗಿಸಿ ಕಾಂಪೌಂಡ್ ಎಬ್ಬಿಸಿಬಿಟ್ಟರು. ಈಗ ಅಣ್ಣನ ಹಿತ್ತಲಲ್ಲಿ ಒಬ್ಬ ಅಪ್ಸರೆ, ತಮ್ಮನ ಹಿತ್ತಲಲ್ಲಿ ಇನ್ನೊಬ್ಬಳು, ವೀರ ಸಿಮೆಂಟಿನೊಳಗೆ. ಅಣ್ಣನ ಹೆಂಡತಿ ತನ್ನ ಪಾಲಿನವಳಿಗೆ ಅರಿಶಿನ ಕುಂಕುಮ ಹಚ್ಚಿ ಲಕ್ಷ್ಮಿ ಅಂತಾರೆ. ತಮ್ಮನ ಹೆಂಡತಿ ತನ್ನ ಪಾಲಿನವಳಿಗೆ ಬೇವಿನಸೊಪ್ಪು ಕಟ್ಟಿ ಮಾರಮ್ಮ ಅಂತಾರೆ.

ನನಗೆ ಬೇಕಾಗಿದ್ದು ಆ ನಾಲ್ಕು ಸಾಲು. ಪ್ರತಿ ಸಾಲಿನ ಶುರು ಅಣ್ಣನ ಕಡೆ, ಕೊನೆ ತಮ್ಮನ ಕಡೆ, ನಡುವಿನದು ಗೋಡೆಯಲ್ಲಿ. ಅಣ್ಣನ ಹಿತ್ತಲಲ್ಲಿ ಕೂತು 'ಅಣ್ಣ', 'ಕಾದಿ' ಅಂತ ಓದಿದೆ. ತಮ್ಮನ ಹಿತ್ತಲಿಗೆ ಸುತ್ತಿ ಬಂದು 'ತಮ್ಮ', 'ಸತ್ತ' ಅಂತ ಓದಿದೆ.

ಅಣ್ಣ ಮೀಸೆ ತೀಡಿಕೊಂಡು, "ನೋಡಿದ್ರಾ ಮಿಸ್, ಕಾದಾಡಿದ್ದು ಅಣ್ಣ. ಜಮೀನು ಅಣ್ಣನ ವಂಶದ್ದು" ಅಂದರು. ತಮ್ಮ, "ಸತ್ತಿದ್ದು ತಮ್ಮ ಮಿಸ್. ಪ್ರಾಣ ಕೊಟ್ಟೋನದಲ್ವಾ ಜಮೀನು?" ಅಂದರು. ಇಬ್ಬರ ಮಕ್ಕಳೂ ನನ್ನ ಹತ್ತಿರ ಓದಿದ್ದರಿಂದ ಇಬ್ಬರಿಗೂ ನಾನು ಮಿಸ್ಸೇ.

"ಎರಡಡಿ ಗೋಡೆ ಒಡೀರಿ, ಓದಿ ಮತ್ತೆ ಕಟ್ಟಿಸಿಕೊಡ್ತೀನಿ" ಅಂತ ಕೈಮುಗಿದೆ. "ಅವರು ಬಂದು ಕೇಳ್ಲಿ, ಒಡೀತೀನಿ" ಅಂದರು ಅಣ್ಣ. "ಅವರೇ ಬಂದು ಕೇಳ್ಲಿ" ಅಂದರು ತಮ್ಮ. ಗೋಡೆ ಎದ್ದಾಗಿನಿಂದ ಹನ್ನೊಂದು ವರ್ಷ ಇಬ್ಬರಿಗೂ ಮಾತಿಲ್ಲ.

ಅಣ್ಣತಮ್ಮಂದಿರು ಹೊಡೆದಾಡಿ ಹಾಳಾದ ಜಾಗಗಳನ್ನ ಇವರಿಗೆ ಕಣ್ಣಾರೆ ತೋರಿಸಿದರೆ ಬುದ್ಧಿ ಬರುತ್ತೆ, ಗೋಡೆ ಒಡೀತಾರೆ, ನಾನು ಕಲ್ಲು ಓದ್ತೀನಿ. ಇದು ನನ್ನ ಪ್ಲಾನು. ಅಣ್ಣ ಬರ್ತಾರೆ ಅಂದ ಕೂಡಲೇ ತಮ್ಮನೂ ಹೆಸರು ಕೊಟ್ಟರು. ಗಾಡಿಯಲ್ಲಿ ಒಬ್ಬರು ಡ್ರೈವರ್ ಪಕ್ಕ, ಇನ್ನೊಬ್ಬರು ಕಟ್ಟಕಡೇ ಸೀಟು. ನಾನು ನಡುವೆ, ಒಂದು ಕೈ ಮುಂದಕ್ಕೆ ಒಂದು ಕೈ ಹಿಂದಕ್ಕೆ ಚಾಚಿಕೊಂಡು ಚಟ್ನಿ ಡಬ್ಬಿ ದಾಟಿಸೋದು, ಮಾತೂ ದಾಟಿಸೋದು.

"ಮಿಸ್, ಕಿಟಕಿ ಹಾಕೋಕೆ ಹೇಳಿ ಅವರಿಗೆ" ಅಂತ ಹಿಂದಿನಿಂದ ತಮ್ಮ ಗಂಟಲು ಹರಿಯೋ ಹಾಗೆ ಕೂಗ್ತಾರೆ. ಇಡೀ ಗಾಡಿಗೆ ಕೇಳಿಸುತ್ತೆ. ಮುಂದಿನಿಂದ ಅಣ್ಣ ನನ್ನ ಕಡೆ ತಿರುಗಿ, "ಏನಂತೆ ಮಿಸ್?"

೨. ಎರಡು ಬಾಗಿಲ ಕೋಟೆ

ಮೊದಲ ಸಲ ಮಾಗಡಿ ಕಡೆ ಒಂದು ಪುಟ್ಟ ಬೆಟ್ಟದ ಕೋಟೆಗೆ ಹೋದೆವು. ಊರಿನ ಒಬ್ಬ ತಾತ ಕಥೆ ಹೇಳಿದರು. ಇಬ್ಬರು ಅಣ್ಣತಮ್ಮಂದಿರು ಆಳ್ತಿದ್ದರಂತೆ, ಕೋಟೆಗೆ ಎರಡು ಬಾಗಿಲು, ಒಬ್ಬೊಬ್ಬರಿಗೆ ಒಂದೊಂದು. ಜಗಳ ಬಂದು, ತಮ್ಮ ಆಚೆ ಹೋಗಬಾರದು ಅಂತ ಅಣ್ಣ ತಮ್ಮನ ಬಾಗಿಲಿಗೆ ಬಂಡೆ ಉರುಳಿಸಿದ. ಅದೇ ಬೆಳಿಗ್ಗೆ ಅಣ್ಣನ ಬಾಗಿಲಿಗೆ ತಮ್ಮನೂ ಬಂಡೆ ಉರುಳಿಸಿದ. ಇಬ್ಬರೂ ಒಳಗೆ. ಪಕ್ಕದೂರಿನ ಪಾಳೇಗಾರ ಬೆಟ್ಟದ ಕೆಳಗೆ ಅಡಿಗೆ ಮಾಡಿಸಿಕೊಂಡು ಉಣ್ತಾ ಕಾದ, ಅಷ್ಟೇ. ಕತ್ತಿ ತೆಗೆಯೋ ಕೆಲಸವೇ ಬೀಳಲಿಲ್ಲ.

ನಾನು ನಮ್ಮ ಅಣ್ಣತಮ್ಮಂದಿರನ್ನೇ ನೋಡ್ತಾ ಕೇಳಿದೆ, "ಇದರಿಂದ ನಾವೆಲ್ಲ ಏನು ಕಲೀಬೇಕು?"

ಅಣ್ಣ ತುಂಬಾ ಯೋಚನೆ ಮಾಡಿ, "ಮೂರು ಬಾಗಿಲು ಇಡಬೇಕಾಗಿತ್ತು ಮಿಸ್" ಅಂದರು.

ತಮ್ಮ, "ಮೊದ್ಲು ಬಂಡೆ ಉರುಳ್ಸಿದ್ದು ಅಣ್ಣ. ಅದನ್ನ ಅವರಿಗೆ ಹೇಳಿ ಮಿಸ್" ಅಂದರು.

ಜಯನಗರದ ರಿಟೈರ್ಡ್ ಇಂಜಿನಿಯರ್ ಒಬ್ಬರಿದ್ದಾರೆ ನಮ್ಮ ಗುಂಪಿನಲ್ಲಿ. ಅವರು ಕನ್ನಡಕ ಏರಿಸಿಕೊಂಡು, "ಎರಡನೇ ಬಾಗಿಲಿಗೆ ಪ್ಲಾನ್ ಸ್ಯಾಂಕ್ಷನ್ ಆಗಿತ್ತಾ?" ಅಂತ ವಿಚಾರಿಸಿದರು.

ಹೊರಡೋವಾಗ ಆ ತಾತ ನನ್ನನ್ನ ಪಕ್ಕಕ್ಕೆ ಕರೆದು ಹೇಳಿದರು, "ಅವರ ವಂಶ ಅವತ್ತೇ ನಿರ್ವಂಶ ಆಯ್ತು ಅಂತ ನಾವು ತಿಳ್ಕೊಂಡಿದ್ವಿ ಕಣಮ್ಮ. ಇವರು ಉಳ್ಕೊಂಡಿರೋದು ಗೊತ್ತಿರ್ಲಿಲ್ಲ."

೩. ರಣರಂಗದಲ್ಲಿ ಮೂಲೆ ಸೈಟು

ಕನಕಪುರ ರಸ್ತೆಯಲ್ಲಿ ಒಳಗೆ ಹೋದರೆ ದಾಯಾದಿಗಳು ಹೊಡೆದಾಡಿದ ಬಯಲು ಒಂದಿದೆ ಅಂತ ಕೇಳಿ, ಮುಂದಿನ ಸಲ ಅಲ್ಲಿಗೆ ಗಾಡಿ ತಿರುಗಿಸಿದೆವು. ಬಯಲೇನೋ ಸಿಕ್ಕಿತು. ಸುತ್ತ ಬೇಲಿ, ಬಣ್ಣದ ಬಾವುಟ, ಕಮಾನು, ಸಾಲಾಗಿ ನೆಟ್ಟ ಸೈಟ್ ಕಲ್ಲು. ಟೈ ಕಟ್ಟಿದ ಸೇಲ್ಸ್‌ನವನೊಬ್ಬ ಓಡಿಬಂದು ಹದಿಮೂರು ಜನಕ್ಕೂ ಕುರ್ಚಿ ಹಾಕಿಸಿ ಮಾವಿನ ಜ್ಯೂಸ್ ಕೊಟ್ಟ. ಕೊಟ್ಟಿದ್ದನ್ನ ಬೇಡ ಅನ್ನೋ ಜನವಲ್ಲ ನಮ್ಮವರು.

ಜ್ಯೂಸ್ ಕುಡಿದ ಮೇಲೆ ಎದ್ದು ನಿಂತು ಶುರು ಮಾಡಿದೆ, "ನೀವು ಕೂತಿರೋ ಈ ಜಾಗದಲ್ಲೇ ಒಂದು ಮನೆತನದ ಗಂಡಸರೆಲ್ಲ ಕಡಿದಾಡಿ ಬಿದ್ದರು. ರಕ್ತ ಹಳ್ಳವಾಗಿ ಹರೀತು ಅಂತ ಈ ಊರಿನ ಮುದುಕರು ಈಗಲೂ ಹೇಳ್ತಾರೆ."

ಪಕ್ಕದ ಕುರ್ಚಿಗಳಲ್ಲಿ ನಿಜವಾಗಿ ಸೈಟ್ ನೋಡೋಕೆ ಬಂದಿದ್ದ ಗಂಡ ಹೆಂಡತಿ ಜ್ಯೂಸ್ ಕೆಳಗಿಟ್ಟರು. ಸೇಲ್ಸ್‌ನವನು ನನ್ನ ಹತ್ತಿರ ಬಂದು ಅಳೋ ದನಿಯಲ್ಲಿ, "ಮೇಡಂ, ಪ್ಲೀಸ್, ವಾಸ್ತು ವಿಷಯ ಜೋರಾಗಿ ಮಾತಾಡ್ಬೇಡಿ" ಅಂದ.

"ವಾಸ್ತು ಅಲ್ಲಪ್ಪ, ಚರಿತ್ರೆ."

"ಚರಿತ್ರೆ ನಮ್ಮ ಬ್ರೋಷರಲ್ಲಿಲ್ಲ ಮೇಡಂ."

ಇಷ್ಟರಲ್ಲಿ ನಮ್ಮ ಅಣ್ಣ ಕಾಣಿಸಲಿಲ್ಲ. ನೋಡಿದರೆ ಪೂರ್ವದಿಕ್ಕಿನ ಮೂಲೆ ಸೈಟಲ್ಲಿ ಹೆಜ್ಜೆ ಹಾಕಿ ಅಳೀತಿದ್ದಾರೆ. ಹಿಂದೆಯೇ ತಮ್ಮ ಬಂದು, "ಮಿಸ್, ಆ ಮೂಲೆ ನಾನು ಗಾಡಿಯಿಂದಲೇ ನೋಡಿಟ್ಟಿದ್ದೆ ಅಂತ ಅವರಿಗೆ ಹೇಳಿ" ಅಂದರು. ಇಬ್ಬರಿಗೂ ಸೈಟು ಬೇಕಾಗಿರಲಿಲ್ಲ, ಇಬ್ಬರಿಗೂ ಇರೋದನ್ನ ನೋಡಿಕೊಳ್ಳೋಕೇ ಪುರುಸೊತ್ತಿಲ್ಲ. ಆದರೂ ಸೈಟ್ ಕಲ್ಲಿನ ಆ ಕಡೆ ಒಬ್ಬರು ಈ ಕಡೆ ಒಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು.

ಇಂಜಿನಿಯರ್ ಸಾಹೇಬರು ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಕೆಳಗೆ ಬರೆದಿದ್ದರು, "ರಣರಂಗ ಇನ್ನೂ ಚಾಲ್ತಿಯಲ್ಲಿದೆ."

೪. ಬೋರಲು ಮಲಗಿದ ವೀರ

ಮೂರನೇ ಸಲ ನಾನು ಪಾಠ ಮಾಡೋ ಆಸೆಯನ್ನೇ ಬಿಟ್ಟಿದ್ದೆ. ಸುಮ್ಮನೆ ರಾಮನಗರದ ಕಡೆ ಒಂದು ಹಳ್ಳಿಯಲ್ಲಿ ವೀರಗಲ್ಲು ನೋಡಿ ಬರೋಣ ಅಂತ ಹೋದೆವು. ದೇವಸ್ಥಾನದ ಮುಂದೆ ನಿಲ್ಲಿಸಿದ್ದ ಕಲ್ಲಿಗೆ ತಲೆತಲಾಂತರದಿಂದ ಎಣ್ಣೆ, ಅರಿಶಿನ, ಹಾಲು ಎರೆದೂ ಎರೆದೂ ವೀರನಿಗೆ ಮೂಗು ಬಾಯಿ ಏನೂ ಉಳಿದಿರಲಿಲ್ಲ. ಇಡ್ಲಿ ಥರ ಆಗಿದ್ದ.

ಎರಡನೇ ಕಲ್ಲು ಒಂದು ಮನೆಯ ಹಿಂದೆ ಬಚ್ಚಲ ಹತ್ತಿರ ಬಿದ್ದಿತ್ತು. ಅದರ ಮೇಲೆ ಒಬ್ಬ ಅಕ್ಕ ಜಮಖಾನ ಒಗೀತಿದ್ದರು. ನಮ್ಮ ಗುಂಪಿನ ಬಸವನಗುಡಿ ಆಂಟಿಗೆ ಸಂಕಟ ತಡೆಯೋಕಾಗಲಿಲ್ಲ. "ಏನಮ್ಮ ಇದು ಅನ್ಯಾಯ! ಪ್ರಾಣ ಕೊಟ್ಟವನ ಕಲ್ಲು, ಅದರ ಮೇಲೆ ಬಟ್ಟೆ ಒಗೀತಾರಾ?"

ಅಕ್ಕ ಸೋಪು ಕೆಳಗಿಟ್ಟು, "ನಮ್ಮತ್ತೆನೂ ಇಲ್ಲೇ ಒಗೆದಿದ್ದು, ಅವರತ್ತೆನೂ ಇಲ್ಲೇ ಒಗೆದಿದ್ದು. ಅವನು ಬೋರಲು ಮಲಗವ್ನೆ, ಅವನಿಗೇನು ತೊಂದ್ರೆ?" ಅಂದರು.

ನಾಲ್ಕು ಜನ ಸೇರಿ ಕಲ್ಲು ಮಗುಚಿದೆವು. ಅಬ್ಬಾ! ನೆನ್ನೆ ಕೆತ್ತಿದ ಹಾಗಿತ್ತು. ಮೀಸೆ, ಕಡಗ, ಒಂದೊಂದು ಅಕ್ಷರ. ನನಗೆ ಕಣ್ಣಲ್ಲಿ ನೀರೇ ಬಂತು. ಅಕ್ಕ ಬಸವನಗುಡಿ ಆಂಟಿಯನ್ನ ನೋಡಿ, "ನೀವು ಪೂಜೆ ಮಾಡೋರು ಅವನ ಮೂಗು ಕರಗಿಸಿದ್ರಿ. ಒಗೆಯೋರು ನಾವು ಕಾಪಾಡಿದ್ವಿ" ಅಂದು ಜಮಖಾನ ಹಿಂಡೋಕೆ ಆಂಟಿಯ ಕೈಗೇ ಒಂದು ತುದಿ ಕೊಟ್ಟರು. ಆಂಟಿ ಹಿಂಡಿದರು.

ವಾಪಸ್ ಬರ್ತಾ ಗಾಡಿಯಲ್ಲಿ ನನಗೆ ಗೋಡೆಯಲ್ಲಿರೋ ಕಲ್ಲು ನೆನಪಾಗಿ ಸಿಟ್ಟು ಬಂತು. ಸಿಟ್ಟಲ್ಲೇ ಅಣ್ಣತಮ್ಮಂದಿರಿಗೆ ಅಂದುಬಿಟ್ಟೆ, "ನಿಮ್ಮ ಗೋಡೆಯೊಳಗಿರೋ ಅಕ್ಷರಾನೂ ಹೀಗೇ ಹೊಸದಾಗಿರುತ್ತೆ. ಜಮೀನು ಯಾರದ್ದು ಅಂತ ಅದರಲ್ಲೇ ಬರೆದಿದೆಯೋ ಏನೋ. ನಿಮಗೆ ಬೇಕಿಲ್ಲ ಬಿಡಿ!"



೫. ಹೆಗ್ಗಣ

ಹತ್ತು ದಿನ ಕಳೆದು ಬೆಳಿಗ್ಗೆ ಅಣ್ಣನ ಫೋನು. "ಮಿಸ್, ಒಂದ್ಕಿತ ಬಂದು ಹೋಗಿ. ಗೋಡೆಗೆ ಹೆಗ್ಗಣ ಬಿಲ ಕೊರೆದೈತೆ. ಅಕ್ಷರ ಕಾಣ್ತಾ ಅವೆ. ಅವರಿಗೆ ಹೇಳ್ಬೇಡಿ."

ಫೋನ್ ಇಟ್ಟಿದ್ದೇ ತಡ, ತಮ್ಮನ ಫೋನು. "ಮಿಸ್, ನಮ್ಮ ಗೋಡೆಗೆ ಹೆಗ್ಗಣ ಹತ್ತೈತೆ..."

ಚಪ್ಪಲಿ ಸಿಕ್ಕಿದ್ದು ಮೆಟ್ಟಿಕೊಂಡು, ನಮ್ಮನೆಯವರನ್ನ ಎಳಕೊಂಡು ಆಟೋ ಹತ್ತಿದೆ. ಅಣ್ಣನ ಹಿತ್ತಲಲ್ಲಿ ನೋಡಿದರೆ ಕಲ್ಲಿನ ಪಕ್ಕ ಗೋಡೆ ಎರಡಡಿ ಅಗಲಕ್ಕೆ ನೀಟಾಗಿ ಚೌಕವಾಗಿ ಕೊರೆದಿದೆ. ನೆಲದ ಮೇಲೆ ಸಿಮೆಂಟ್ ಪುಡಿ, ಬಕೆಟ್ಟಿನ ಹಿಂದೆ ಉಳಿ, ಸುತ್ತಿಗೆ.

"ಹೆಗ್ಗಣ ಸುತ್ತಿಗೆ ಮರೆತು ಹೋಗಿದೆ" ಅಂದರು ನಮ್ಮನೆಯವರು.

ಆಮೇಲೆ ಅಣ್ಣನ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದರು. ಮಧ್ಯಾಹ್ನ ಊಟ ಆಗಿ ಊರೆಲ್ಲ ಮಲಗಿದ ಮೇಲೆ ಇವರು ಟಕ ಟಕ ಅನ್ನಿಸೋರಂತೆ. ಇವರು ನಿಲ್ಲಿಸಿದರೆ ಆ ಕಡೆಯಿಂದ ಟಕ ಟಕ. ಇಬ್ಬರಿಗೂ ಕೇಳಿಸ್ತಿತ್ತು, ಇಬ್ಬರೂ ಹೆಗ್ಗಣ ಅಂತಿದ್ದರು.

ನಾನು ಉಳಿ ತಗೊಂಡು ಉಳಿದಿದ್ದ ಚೂರು ಸಿಮೆಂಟನ್ನ ಮೆಲ್ಲಗೆ ತಟ್ಟಿದೆ. ದೊಪ್ಪನೆ ಆ ಕಡೆಗೆ ಬಿತ್ತು. ತೂತಿನಲ್ಲಿ ತಮ್ಮನ ಮುಖ ಕಂಡಿತು. ತಲೆಗೆ ಟವೆಲು, ಹುಬ್ಬಿನ ಮೇಲೆಲ್ಲ ಸಿಮೆಂಟು, ಕೈಯಲ್ಲಿ ಉಳಿ. ಹನ್ನೊಂದು ವರ್ಷ ಆದ ಮೇಲೆ ಅಣ್ಣತಮ್ಮಂದಿರು ಗೇಣು ದೂರದಲ್ಲಿ ಮುಖಾಮುಖಿಯಾದರು. ಇಬ್ಬರೂ ಒಂದೇ ಸಲ ನನ್ನ ಕಡೆ ತಿರುಗಿ, "ಓದಿ ಮಿಸ್" ಅಂದರು.

ನೀರು ಹಾಕಿ, ಪುಡಿ ಒರೆಸಿ ಓದಿದೆ. ಈ ಕಡೆಯಿಂದ ಆ ಕಡೆಗೆ, ಈಗ ಸಾಲು ಪೂರ್ತಿಯಾಗಿತ್ತು. ಎರಡು ಸಲ ಓದಿದೆ, ತಪ್ಪಾಗಬಾರದು ಅಂತ. ಆಮೇಲೆ ಅರ್ಥ ಹೇಳಿದೆ.

"ಅಣ್ಣ ಮತ್ತು ತಮ್ಮ ನೆಲದ ಗಡಿಗಾಗಿ ಕಾದಿದರು. ಅವರಿಬ್ಬರನ್ನೂ ಬಿಡಿಸೋಕೆ ಅಂತ ಪಕ್ಕದೂರಿನಿಂದ ಬಂದವನು ನಡುವೆ ಸಿಕ್ಕಿಕೊಂಡು ಸತ್ತ. ಅಣ್ಣ, ತಮ್ಮ ಇಬ್ಬರೂ ಕೂಡಿ ಅವನಿಗೆ ಈ ಕಲ್ಲು ನಿಲ್ಲಿಸಿದರು."

ಅಷ್ಟೇ. ಜಮೀನು ಯಾರದ್ದು ಅಂತ ಒಂದಕ್ಷರವೂ ಇರಲಿಲ್ಲ. ಅಪ್ಸರೆಯರ ನಡುವೆ ವೀರನೂ ಕಾಣಿಸಿದ. ಕತ್ತಿಯಿಲ್ಲ, ಗುರಾಣಿಯಿಲ್ಲ. ಒಂದು ಕೈ ಆ ಕಡೆ, ಒಂದು ಕೈ ಈ ಕಡೆ ಚಾಚಿಕೊಂಡು ಬಾಯಿ ತೆರೆದು ಏನೋ ಹೇಳ್ತಾ ಇದ್ದಾನೆ.

ನಮ್ಮನೆಯವರು ಬಗ್ಗಿ ನೋಡಿ, "ಚಟ್ನಿ ಡಬ್ಬಿ ಒಂದು ಇಲ್ಲ" ಅಂದರು.

ಎಲ್ಲರೂ ಕಲ್ಲು ನೋಡೋದು ಬಿಟ್ಟು ನನ್ನನ್ನ ನೋಡೋಕೆ ಶುರು ಮಾಡಿದರು. ಅಣ್ಣನಿಗೆ ನಿಜವಾಗಿಯೂ ಮನಸ್ಸು ಕರಗಿತ್ತು, ಕಣ್ಣು ಒರೆಸಿಕೊಂಡರು. "ಎಷ್ಟು ಓಡಾಡಿದ್ರಿ ಮಿಸ್ ನಮಗೋಸ್ಕರ. ನಿಮಗೂ ಒಂದು ಕಲ್ಲು ನಿಲ್ಲಿಸ್ಬೇಕು ನಾವು."

"ನಿಲ್ಲಿಸ್ಲೇಬೇಕು" ಅಂದರು ತಮ್ಮ ತೂತಿನೊಳಗಿಂದ. "ನಮ್ಮ ಕಡೆ ಸಂಪಿಗೆ ಗಿಡದ ಕೆಳಗೆ ಜಾಗ ಐತೆ."

ಅಣ್ಣ ಸರಕ್ಕನೆ ತಿರುಗಿದರು. "ಯಾಕೋ, ನಿನ್ ಕಡೆ ಯಾಕೋ? ಹೇಳಿದ್ದು ನಾನು. ನನ್ ಕಡೆ ಇರ್ಲಿ."

"ನಿನ್ ಕಡೆ ನೀರು ನಿಲ್ತದಲ್ಲಣ್ಣ!"

"ಯಾರೋ ಹೇಳಿದ್ದು ನಿಂಗೆ?"

ಹನ್ನೊಂದು ವರ್ಷ ಆದ ಮೇಲೆ, ನಡುವೆ ಮಿಸ್ ಇಲ್ಲದೆ, ನೇರವಾಗಿ! ನನಗೆ ಎಷ್ಟು ಖುಷಿಯಾಯ್ತು ಅಂದ್ರೆ ಅಲ್ಲೇ ಕಲ್ಲಿನ ಪಕ್ಕ ಕೂತು ಅತ್ತುಬಿಟ್ಟೆ. ಆ ಕಡೆ ಹೆಂಡತಿ, ಈ ಕಡೆ ಹೆಂಡತಿ ತೂತಿನಲ್ಲೇ ಕಾಫಿ ಲೋಟ ಬದಲಾಯಿಸಿಕೊಂಡರು.

ಕಣ್ಣು ಒರೆಸಿಕೊಂಡು ತಲೆ ಎತ್ತಿದರೆ ಜಗಳ ನಿಂತಿತ್ತು. ನನ್ನ ಕಲ್ಲೂ ಗೋಡೆಯ ನಡುವೆಯೇ ಇರಲಿ ಅಂತ ರಾಜಿಯಾಗಿತ್ತು. ಅಣ್ಣ ಆಗಲೇ ಕಲ್ಲು ಕೆತ್ತೋ ಮೇಸ್ತ್ರಿಗೆ ಫೋನ್ ಹಚ್ಚಿದ್ದರು. ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನ ಮೇಲಿಂದ ಕೆಳಗಿನವರೆಗೂ ನೋಡಿ ಅಂದರು:

"ಮಿಸ್, ಒಂದ್ನಿಮಿಷ ಎದ್ದು ನೆಟ್ಟಗೆ ನಿಂತ್ಕೊಳಿ. ಎಷ್ಟಡಿ ಅಂತ ಕೇಳ್ತಾವ್ನೆ."