ಚಿಕ್ಕೀರಪ್ಪನ ವಾಟರ್‌ಪ್ರೂಫ್ ಗುಡಾರ

ದಸರಾ ರಜೆಯ ಎರಡನೆಯ ದಿನ ಬೆಳಗ್ಗೆ, ಬಾಯಲ್ಲಿ ಬ್ರಶ್ ಇರುವಾಗಲೇ, ಚಳ್ಳಕೆರೆಯ ಕಂಬಳಿ ವ್ಯಾಪಾರಿ ಚಿಕ್ಕೀರಪ್ಪ ಮನೆಮಂದಿಗೆಲ್ಲ ಘೋಷಿಸಿದ: "ಇವತ್ತು ನಾವು ಮಲಗೋದು ಆಕಾಶದ ಕೆಳಗೆ. ಬ್ರಹ್ಮ ಬಂದ್ರೂ ತಡೆಯೋ ಹಂಗಿಲ್ಲ!"

ತಡೆಯುವವರು ಯಾರೂ ಇರಲಿಲ್ಲ ಅನ್ನಿ. ಹೆಂಡತಿ ಗಂಗಲಕ್ಷ್ಮಿ ಈ ಮಾತಿಗಾಗಿ ಹದಿನೈದು ವರ್ಷದಿಂದ ಕಾದಿದ್ದಳು. ಅವಳು ಕುರಿಗಾಹಿಯ ಮಗಳು. ಅಪ್ಪನ ಮಂದೆಯ ಜೊತೆ ಹೊಲದಿಂದ ಹೊಲಕ್ಕೆ ಹೋಗಿ, ಚುಕ್ಕಿ ಎಣಿಸುತ್ತ ನಿದ್ದೆ ಮಾಡಿ ಬೆಳೆದವಳು. ಮದುವೆಯಾದ ಮೇಲೆ ಎಣಿಸಲು ಸಿಕ್ಕಿದ್ದು ಮಲಗುವ ಕೋಣೆಯ ತಗಡಿನ ಮೊಳೆಗಳು ಮಾತ್ರ. "ಒಂದಿನ ನಿನ್ನ ಬಯಲಿಗೆ ಕರ್ಕೊಂಡು ಹೋಗ್ತೀನಿ" ಎಂದು ಚಿಕ್ಕೀರಪ್ಪ ಹಸೆಮಣೆಯ ಮೇಲೆಯೇ ಮಾತು ಕೊಟ್ಟಿದ್ದ. ಮೊನ್ನೆ ಅವಳು ಮೆಲ್ಲಗೆ ಅಂದಿದ್ದಳು: "ಇದೊಂದು ಸಲ ಕೇಳ್ತೀನಿ ರೀ. ಆಗ್ಲಿಲ್ಲ ಅಂದ್ರೆ ಇನ್ನು ಕೇಳಾಕಿಲ್ಲ." ಜಗಳ ಆಡಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಮೆಲ್ಲಗೆ ಅಂದದ್ದೇ ಎದೆಗೆ ನಾಟಿತ್ತು.

ಫೋನಿನಲ್ಲಿ ತರಿಸಿದ ನೀಲಿ ಗುಡಾರ ವ್ಯಾನು ಹತ್ತಿತು. ದಿನವೂ ವಿಭೂತಿ, ಬಿಳಿ ಪಂಚೆಯಲ್ಲಿ ಅಂಗಡಿಯಲ್ಲಿ ಕೂರುವ ಚಿಕ್ಕೀರಪ್ಪ ಅಂದು ಹೂವಿನ ಚಡ್ಡಿ, ಅಗಲ ಟೋಪಿ ಧರಿಸಿ ದಿಗ್ವಿಜಯಕ್ಕೆ ಹೊರಟವನಂತೆ ನಿಂತಿದ್ದ. ಗಂಗಲಕ್ಷ್ಮಿ ಎರಡು ಕಂಬಳಿ ತಂದಳು.

"ಇದ್ಯಾಕೆ?"

"ಮಳೆ ಗಿಳೆ ಬಂದ್ರೆ?"

"ವರ್ಷವೆಲ್ಲ ಇದನ್ನೇ ಮಾರಿ, ಟೂರಿಗೂ ಇದನ್ನೇ ಹೊರಬೇಕಾ? ಗುಡಾರ ವಾಟರ್‌ಪ್ರೂಫ್ ಐತೆ ಕಣೆ. ಒಂದು ಹನಿ ಒಳಗೆ ಬರಾಕಿಲ್ಲ. ನಮ್ಮ ಸೀಮೆಗೆ ಮಳೆ ಬರಾಕೆ ನಾವೇನು ಅಂಥ ಪುಣ್ಯ ಮಾಡೀವಿ?"

ಕಂಬಳಿಗಳು ಹೊಸ್ತಿಲಲ್ಲೇ ಉಳಿದವು.

ಮೊಳಕಾಲ್ಮೂರು ರಸ್ತೆ ನೇರವಾಗಿ ಮುಗಿಲಿಗೇ ಹೋಗಿ ಸೇರುವಂತೆ ಕಾಣುತ್ತಿತ್ತು. ಎರಡೂ ಕಡೆ ಹಳದಿಗಟ್ಟಿದ ಹುಲ್ಲು, ನಡುವೆ ಒಂದೊಂದು ಜಾಲಿಮರ. ಗಂಗಲಕ್ಷ್ಮಿ ಕಿಟಕಿಗೆ ಕೆನ್ನೆಯಾನಿಸಿ ಮಾತು ಮರೆತು ಕೂತಿದ್ದಳು. ಅವಳ ಮುಖದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಬಂದು ಹೋಗುತ್ತಿದ್ದಳು. ಚಿಕ್ಕೀರಪ್ಪ ರಸ್ತೆ ನೋಡುವುದಕ್ಕಿಂತ ಅದನ್ನೇ ಹೆಚ್ಚು ನೋಡಿದ. ಹಿಂದಿನ ಸೀಟಿನಲ್ಲಿ ಅವನ ಅವ್ವ ಕ್ಯಾತಮ್ಮ ಮೊಮ್ಮಗಳು ಶೈಲಜಾಳಿಗೆ ಮಂಡಕ್ಕಿ ತಿನ್ನಿಸುತ್ತ, ಕುರುಡು ಚಿತ್ತೆ ಮಳೆ ಎಲ್ಲಿ ಸುರಿಯುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ ಅನ್ನುತ್ತಿದ್ದಳು.

ಕೊಂಡ್ಲಹಳ್ಳಿ ದಾಟಿ, ಸಂಜೆಯ ಹೊತ್ತಿಗೆ ವ್ಯಾನು ಒಂದು ದಿಬ್ಬದ ಮೇಲೆ ನಿಂತಿತು. ಕೆಳಗೆ ಗುಡಿಸಿಟ್ಟಂತೆ ನುಣ್ಣನೆಯ ಮರಳಿನ ಜಾಗ. ಮುಳ್ಳಿಲ್ಲ, ಕಲ್ಲಿಲ್ಲ.

"ಆಹಾ, ಅರಮನೆ!" ಅಂದ ಚಿಕ್ಕೀರಪ್ಪ.

"ರೀ, ಅದು ಹಳ್ಳ" ಅಂದಳು ಗಂಗಲಕ್ಷ್ಮಿ.

"ಹಳ್ಳ ಅನ್ನಾಕೆ ನೀರು ಬ್ಯಾಡ್ವಾ? ನಾನು ಹುಟ್ಟಿದಾಗಿಂದ ಇದರಾಗೆ ಒಂದು ಚೊಂಬು ನೀರು ನೋಡಿಲ್ಲ."

ಆ ಮಾತು ಸುಳ್ಳೇನಲ್ಲ. ನೀರು ಕಾಣದ ಹಳ್ಳ ನಮ್ಮ ಕಡೆ ಕ್ರಿಕೆಟ್ ಆಡಲಿಕ್ಕೆ, ಗಾಡಿ ತಿರುಗಿಸಲಿಕ್ಕೆ ಇರುವುದು. ಗುಡಾರ ಎದ್ದಿತು. ಹಾಸಿಗೆ, ಚಿತ್ರಾನ್ನದ ಡಬ್ಬಿ, ಬದಲಿ ಬಟ್ಟೆ ಎಲ್ಲವನ್ನೂ ಒಳಗಿಟ್ಟು ಚಿಕ್ಕೀರಪ್ಪ ಜಿಪ್ ಎಳೆದ.

ಆಗ ಪಡುವಣ ದಿಕ್ಕು ಕಪ್ಪಾಯಿತು. ಬಯಲಿನ ಆ ತುದಿಯಿಂದ ಮಳೆ ಬಿಳಿ ಸೀರೆಯ ಸೆರಗು ಎಳೆದುಕೊಂಡು ನಿಧಾನವಾಗಿ ಬಂತು. ಮೊದಲು ಮಣ್ಣಿನ ವಾಸನೆ, ಆಮೇಲೆ ಹುಲ್ಲಿನ ಸದ್ದು, ಆಮೇಲೆ ತಲೆಯ ಮೇಲೆಯೇ. ಎಲ್ಲರೂ ದಿಬ್ಬದ ಮೇಲಿನ ವ್ಯಾನಿಗೆ ಓಡಿದರು.

"ಅಯ್ಯೋ, ಈ ಮಳೆ ನಿಂತು..." ಎಂದು ಶೈಲಜಾ ಬಾಯಿ ತೆರೆದಳಷ್ಟೇ. ಕ್ಯಾತಮ್ಮ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು.

"ಹಂಗನ್ನಬಾರ್ದು. ಬಂದ ಮಳೇನ ಬ್ಯಾಡ ಅಂದ್ರೆ ಈ ಸೀಮೇನ ಅದು ಮೂರು ವರ್ಷ ತಿರುಗಿ ನೋಡಾಕಿಲ್ಲ. ಲೇ ಚಿಕ್ಕ, ನೀನೂ ಬಾಯಿ ಬಿಡಬ್ಯಾಡ."

ಬೈಯುವ ಸುಖವೂ ಹೋಯಿತು. ಚಿಕ್ಕೀರಪ್ಪ ವ್ಯಾನಿನಿಂದ ಇಳಿದು, ತೊಯ್ದ ಟೋಪಿ ತೆಗೆದು ಮುಗಿಲಿಗೆ ಕೈ ಮುಗಿದ. "ಮಳೆರಾಯ, ಬ್ಯಾಡ ಅನ್ನಂಗಿಲ್ಲ. ರಾಯದುರ್ಗದೋರೂ ಪಾಪ ಕಾಯ್ತಾ ಅವ್ರೆ, ಅಲ್ಲಿಗೂ ಒಂದು ಗಳಿಗೆ ಹೋಗಿ ಬಾರಪ್ಪ."

"ಮಳೇನ ಹಂಚು ಅಂದ್ರೆ ತಪ್ಪಿಲ್ಲ" ಎಂದು ಕ್ಯಾತಮ್ಮ ಒಪ್ಪಿದಳು.

ಮಳೆರಾಯ ಒಪ್ಪಲಿಲ್ಲ. ಹಳ್ಳದ ಮೇಲುಗಡೆಯಿಂದ ಕೆಂಪು ನೀರು ನೊರೆ ಹೊತ್ತು ಬಂತು. ಮೊದಲು ಗುಡಾರದ ಸುತ್ತ ಒಂದು ಪ್ರದಕ್ಷಿಣೆ ಹಾಕಿತು. ಆಮೇಲೆ ಅದನ್ನು ಮೆತ್ತಗೆ ಎತ್ತಿಕೊಂಡಿತು. ನೀಲಿ ಗುಡಾರ ಮಗ್ಗುಲು ಬದಲಿಸಿ, ಹಾಸಿಗೆ ಚಿತ್ರಾನ್ನ ಸಮೇತ ಆಂಧ್ರದ ಕಡೆ ತೇಲುತ್ತ ಹೊರಟಿತು.

"ನೋಡಿದ್ಯಾ" ಅಂದ ಚಿಕ್ಕೀರಪ್ಪ, ದನಿ ಸಣ್ಣದಾಗಿ. "ಒಂದು ಹನಿ ಒಳಗೆ ಹೋಗಿಲ್ಲ."

ಗಂಗಲಕ್ಷ್ಮಿ ಮುಖ ತಿರುಗಿಸಿ ತೊಯ್ದ ಸೆರಗು ಹಿಂಡಿಕೊಂಡಳು. ಹದಿನೈದು ವರ್ಷದ ಮಾತು ತೇಲಿ ಹೋಗುತ್ತಿದೆ ಎಂದು ಅವನಿಗೆ ನಿಜಕ್ಕೂ ಅಳು ಬಂತು. ಮಳೆಯಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

"ಹಳ್ಳದಾಗೆ ಯಾರ್ರೀ ಗುಡಾರ ಹೊಡೆದಿದ್ದು?" ಎಂದು ಯಾರೋ ಕೂಗಿದರು. ಕಂಬಳಿಯನ್ನು ಕೊಪ್ಪೆಯಾಗಿ ಮಡಿಸಿ ತಲೆಗೆ ಹಾಕಿಕೊಂಡ ಮುದುಕನೊಬ್ಬ ಕುರಿ ಹಿಂಡಿನ ನಡುವೆ ನಿಂತಿದ್ದ. ಹೆಸರು ಪಾಲಣ್ಣನಂತೆ. ತನ್ನ ಮೊಮ್ಮಗಳ ವಯಸ್ಸಿನ ಶೈಲಜಾ ನಡುಗುತ್ತಿದ್ದುದನ್ನು ನೋಡಿ, ಕತ್ತೆಯ ಮೇಲಿನ ಗಂಟಿನಿಂದ ದೊಡ್ಡ ಕಂಬಳಿಯೊಂದನ್ನು ಬಿಚ್ಚಿ ಕೊಟ್ಟ. ಕ್ಯಾತಮ್ಮ ವ್ಯಾನಿನ ಸೀಟಿನಲ್ಲೇ ಕಾಲು ಚಾಚಿದಳು. ಬಯಲು ಬಿಟ್ಟು ಒಳಗೆ ಕೂರಲು ಗಂಗಲಕ್ಷ್ಮಿ ಒಪ್ಪಲಿಲ್ಲ; ಉಳಿದ ಮೂವರು ದಿಬ್ಬದ ಬಂಡೆಯ ಮೇಲೆ, ಒಂದೇ ಕಂಬಳಿಯ ಒಳಗೆ ಸೇರಿಕೊಂಡರು. ಹನಿಗಳು ಉಣ್ಣೆಯ ಮೇಲೆ ಉರುಳಿ ಕೆಳಗೆ ಹೋಗುತ್ತಿದ್ದವು. ಒಳಗೆ ಬೆಚ್ಚಗಿತ್ತು.

ಗಂಗಲಕ್ಷ್ಮಿ ಉಣ್ಣೆಗೆ ಮೂಗು ಒತ್ತಿದಳು. "ನಮ್ಮಪ್ಪನ ವಾಸನೆ" ಅಂದಳು. ಅಷ್ಟು ಹೊತ್ತಿಗೆ ಮಳೆ ರಾಯದುರ್ಗದ ಕಡೆ ಸರಿಯಿತು, ಮೋಡದ ಬಿರುಕಿನಲ್ಲಿ ಮುಸ್ಸಂಜೆಯ ಚುಕ್ಕಿ ಇಣುಕಿತು. "ಒಂದು" ಎಂದು ಎಣಿಸಿ ಅವಳು ಗಂಡನ ಭುಜಕ್ಕೆ ತಲೆಯಿಟ್ಟಳು. ಅವಳಿಗೆ ಸಂತೋಷವಾಗಿತ್ತು. ಚಿಕ್ಕೀರಪ್ಪನಿಗೆ ಹೋದ ಜೀವ ಬಂತು, ಅದರ ಹಿಂದೆಯೇ ಜಂಬವೂ ಬಂತು. ಕಂಬಳಿಯ ಅಂಚಿನ ಕೆಂಪು ಗೀರು ತನ್ನ ಅಂಗಡಿಯದೇ!

"ಕಂಬಳಿ ಬಾಳ ಚೆನ್ನಾಗೈತೆ. ಎಲ್ಲಿ ತಗಂಡ್ರಿ ಯಜಮಾನ್ರೆ?" ಎಂದು ಪಕ್ಕದಲ್ಲೇ ಕುರಿ ಕಾಯುತ್ತಿದ್ದ ಪಾಲಣ್ಣನನ್ನು ಕೇಳಿದ.

"ಚಳ್ಳಕೆರೆಯಾಗೆ. ಹಣೆ ತುಂಬ ವಿಭೂತಿ ಹಚ್ಚಿದ ಸಾವ್ಕಾರ. ಒಂದು ಹನಿ ಒಳಗೆ ಬರಾಕಿಲ್ಲ ಅಂದಿದ್ದ. ಅವನ ಮಾತು ನಿಜ ಆತು."

"ಅಂದ್ರೆ ಸಾವ್ಕಾರ ಬುದ್ಧಿವಂತ ಅನ್ನಿ" ಎಂದು ಚಿಕ್ಕೀರಪ್ಪ ಹೆಂಡತಿಯ ಕಡೆ ತಿರುಗಿ ಮೀಸೆ ನೀವಿದ.

"ಮತ್ತೆ?" ಅಂದ ಪಾಲಣ್ಣ. "ಇಂಥ ಕಂಬಳಿ ಮನೇಲಿ ಬಿಟ್ಟು ಹಳ್ಳದಾಗೆ ಮಲಗಾಕೆ ಬರೋ ಪೈಕಿ ಅಲ್ಲ ಅವನು."

ಚಿಕ್ಕೀರಪ್ಪ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ. ಪಕ್ಕದಲ್ಲಿ ಗಂಗಲಕ್ಷ್ಮಿ ನಗು ತಡೆಯಲಾಗದೆ ಅಲುಗುತ್ತಿದ್ದಳು.