ಚುಕ್ಕಿರಾಯರು ತೊಳೆದುಕೊಟ್ಟ ಮದುವೆ

ಹೆಂಡತಿ ತವರಿನಿಂದ ತಂದ ಆ ವಿಡಿಯೋ ಕ್ಯಾಸೆಟ್ಟನ್ನು ಯಾವುದಾದರೂ ಅಂಗಡಿಗೆ ಕೊಟ್ಟುಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಅಂಗಡಿಯವನು ಹೇಗೋ ಒಂದು ಡಿವಿಡಿ ಮಾಡಿಕೊಡುತ್ತಿದ್ದ, ನೆಂಟರೆಲ್ಲ ಹೇಗೋ ನೋಡಿ ಊಟ ಮಾಡಿ ಎದ್ದು ಹೋಗುತ್ತಿದ್ದರು. ಆದರೆ ಈ ‘ಹೇಗೋ’ ಎಂಬುದು ಚುಕ್ಕಿರಾಯರ ಮೈಗೆ ಆಗಿಬರದ ಮಾತು.

ರಾಯರದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಅವರ ಕೈ ದಾಟಿ ಬಂದ ಪುಸ್ತಕದಲ್ಲಿ ಒಂದು ಚುಕ್ಕಿಯೂ ಜಾಗ ಬಿಟ್ಟು ಕದಲಿರುತ್ತಿರಲಿಲ್ಲ. ಹೆಸರು ಬಂದದ್ದೂ ಅದರಿಂದಲೇ. ಇಡೀ ಕಾದಂಬರಿ ತಿದ್ದಿ ಮುಗಿಸಿದ ಮೇಲೆ ‘ಕತೆ ಏನು ರಾಯರೇ’ ಎಂದು ಯಾರಾದರೂ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದರು. ಅಕ್ಷರ ನೋಡುವವರಿಗೆ ಕತೆ ನೋಡಲು ಪುರುಸೊತ್ತು ಎಲ್ಲಿ?

ಅವರಿಗೆ ಮದುವೆಯಾಗಿ ಇನ್ನೂ ಕೆಲವೇ ತಿಂಗಳು. ಹೊಸ ಅಳಿಯನ ಬಗ್ಗೆ ಅತ್ತೆಯವರಿಗೆ ಅಂಥ ಅಭಿಪ್ರಾಯವೇನೂ ಇರಲಿಲ್ಲ. “ಬೇರೆಯವರ ತಪ್ಪು ಹುಡುಕೋದೂ ಒಂದು ಕೆಲಸಾನಾ?” ಎಂದು ಮಗಳ ಹತ್ತಿರ ಕೇಳಿದ್ದರಂತೆ. ಈಗ ಅತ್ತೆ ಮಾವನ ಮದುವೆಯಾಗಿ ಮೂವತ್ತು ವರ್ಷ ತುಂಬಿತ್ತು. ಭಾನುವಾರ ಸಂಜೆ ನೆಂಟರನ್ನೆಲ್ಲ ಕರೆದು ಆ ಮದುವೆಯ ವಿಡಿಯೋ ತೋರಿಸಬೇಕು ಎಂದಾಗ, “ನಾನು ಕಂಪ್ಯೂಟರಿನಲ್ಲಿ ಡಿವಿಡಿ ಮಾಡಿಕೊಡ್ತೀನಿ ಅತ್ತೆ, ಕನ್ನಡಿ ಥರ ಇರುತ್ತೆ” ಎಂದು ರಾಯರು ಮುಂದೆ ಬಂದರು.

“ಕ್ಯಾಸೆಟ್ ಹುಷಾರು,” ಎಂದರು ಅತ್ತೆ. “ಅದರಲ್ಲಿ ನಮ್ಮ ಜೀವ ಇದೆ.”

ಜೀವವೇನೋ ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ ಅಷ್ಟೇ. ಮಾವನವರ ಹಳೆಯ ಪ್ಲೇಯರಿನಲ್ಲಿ ಅದು ಮೊದಲ ದಿನದಿಂದಲೂ ಮಂಜು ಕವಿದ ಹಾಗೇ ಓಡುತ್ತಿತ್ತು. ಆದರೂ ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಕೂತು, ‘ಆ ಹಸಿರು ಕಲೆ ದೊಡ್ಡಮ್ಮ, ಪಕ್ಕದಲ್ಲಿ ಅಲ್ಲಾಡ್ತಿರೋದು ಚಿಕ್ಕಪ್ಪ’ ಎಂದು ಗುರುತು ಹಿಡಿದು ಖುಷಿಪಡುತ್ತಿದ್ದರು. ನಡುವೆ ಎರಡು ಬಿಳಿ ಕಲೆಗಳು ಅಕ್ಕಪಕ್ಕ ಕೂರುವ ಜಾಗ ಬಂದಾಗ ಅತ್ತೆ ತಪ್ಪದೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಭಾನುವಾರ ಹೆಂಡತಿ ಬೆಳಿಗ್ಗೆಯೇ ತವರಿಗೆ ಹೋದಳು. ರಾಯರು ಮಹಡಿಯ ಮೇಲಿನ ಮನೆ ಮಾಲೀಕರಿಂದ ಒಂದು ಒಳ್ಳೆಯ ಪ್ಲೇಯರ್ ಕೇಳಿ ತಂದರು. ಪ್ಲೇಯರಿನ ಜೊತೆಗೆ ಮಾಲೀಕರೂ ಇಳಿದು ಬಂದು, ಕುರ್ಚಿ ಎಳೆದುಕೊಂಡು, ಹೆಣ್ಣಿನ ಕಡೆ ಹಿರಿಯರಂತೆ ಕೂತುಬಿಟ್ಟರು.

ಕ್ಯಾಸೆಟ್ ಬಿಚ್ಚಿ ನೋಡಿದರೆ ಟೇಪಿನ ಅಂಚಿಗೆಲ್ಲ ಬೂಷ್ಟು. ರಾಯರು ಮೃದು ಬಟ್ಟೆ ಹಿಡಿದು, ಹಸುಗೂಸಿನ ಕಿವಿ ಒರೆಸುವ ಹಾಗೆ, ಗೇಣು ಗೇಣಾಗಿ ಇಡೀ ಟೇಪನ್ನು ಒರೆಸಿದರು. ಪ್ಲೇಯರಿನೊಳಗೆ ಚಿತ್ರ ಓದುವ ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಉಜ್ಜಿದರು. ಬೇರೆ ಯಾರಾಗಿದ್ದರೂ ಅಷ್ಟರಲ್ಲಿ ಮೂರು ಸಲ ಎದ್ದುಹೋಗುತ್ತಿದ್ದರು. ರಾಯರು ಬೆನ್ನು ಸಹ ನೆಟ್ಟಗೆ ಮಾಡಲಿಲ್ಲ. ಮಾಲೀಕರಿಗೇ ಆಕಳಿಕೆ ಬಂತು.

“ಹಾಕ್ರೀ ಸಾಕು. ಅದೇನು ಬೆಳ್ಳಿ ಪಾತ್ರೆನಾ?”

ಹಾಕಿದರು. ಮಂಜು ಸರಿದು ಕಿಟಕಿ ತೆರೆದ ಹಾಗೆ ಚಿತ್ರ ಮೂಡಿತು. ಮಾಲೀಕರ ಆಕಳಿಕೆ ಅರ್ಧಕ್ಕೇ ನಿಂತಿತು.

“ಅಬ್ಬಾ,” ಎಂದರು. “ಕೈಗುಣ ಕಣ್ರೀ ನಿಮ್ಮದು. ಇದರಲ್ಲಿ ನಿಮ್ಮ ಮಾವ ಯಾರು?”

“ಆ ಸೋಫಾ ಮೇಲೆ, ಮೀಸೆ ಇರೋರು.”

“ಎಲ್ಲರಿಗೂ ಮೀಸೆ ಇದೆಯಲ್ಲ. ನಿಮ್ಮ ಅತ್ತೆ ಮೂಗು ಇಷ್ಟು ಉದ್ದ ಇತ್ತಾ?”

“ಮೂಗು ಬಿಡಿ ಸಾರ್. ಆ ಓಲೆ ಸುತ್ತ ಒಂದು ಕೆಂಪು ಗೆರೆ ಒಸರ್ತಾ ಇದೆ, ಕಂಡಿತಾ? ಮೊದಲು ಅದು ಹೋಗಬೇಕು.”

ಟೇಪು ಪೂರಾ ಕಂಪ್ಯೂಟರಿಗೆ ಇಳಿದು ಮುಗಿದದ್ದೇ ತಡ, ಮಹಡಿಯಲ್ಲಿ ಮಾಲೀಕರ ಹೆಂಡತಿ ಮಿಕ್ಸಿ ಹಾಕಿದರು. ವಿದ್ಯುತ್ತು ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಈ ಹೋಗಿಬರುವ ಗಲಾಟೆಯಲ್ಲಿ ಪ್ಲೇಯರಿಗೆ ಏನನ್ನಿಸಿತೋ, ಕರಕರ ಎಂದು ಇಡೀ ಟೇಪನ್ನು ಅಗಿದು ನುಂಗಿತು. ಎಳೆದು ತೆಗೆದರೆ ಕೈಗೆ ಬಂದದ್ದು ಕೋಳಿ ಕೆದಕಿದ ಕಸದಂಥ ಒಂದು ಉಂಡೆ.

ರಾಯರು ಉಂಡೆ ಬಿಟ್ಟು ಕಂಪ್ಯೂಟರಿನತ್ತ ಓಡಿದರು. ಅದನ್ನು ಹಾಕಿ ನೋಡಿದರೆ, ಸದ್ಯ, ಇಳಿದ ಚಿತ್ರ ಹಾಗೇ ಕ್ಷೇಮವಾಗಿತ್ತು.

“ಹೋದದ್ದು ಟೇಪು ತಾನೇ, ಮದುವೆ ಇದೆಯಲ್ಲ,” ಎಂದರು ಮಾಲೀಕರು, ತಮ್ಮ ಮಿಕ್ಸಿಯ ವಿಷಯ ಎತ್ತದೆ.

ಅಷ್ಟರಲ್ಲಿ ಮುದ್ರಣಾಲಯದ ಡಿಸೈನರ್ ಬಂದ. ಮದುವೆ ಕರೆಯೋಲೆಗೂ ಸಾವಿನ ಸುದ್ದಿಗೂ ಒಂದೇ ಬಗೆಯ ಮಿನುಗು ನಕ್ಷತ್ರ ಹಾಕುತ್ತಿದ್ದುದರಿಂದ ಅವನನ್ನು ಎಲ್ಲರೂ ಥಳಕು ಎನ್ನುತ್ತಿದ್ದರು. ರಾಯರು ನೀರು ಕುಡಿದು ಬರುವುದರೊಳಗೆ ಅವನು ಕುರ್ಚಿ ಹಿಡಿದಿದ್ದ. ಪರದೆಯ ಮೇಲೆ ಮದುಮಗಳ ಮುಖ ಒಂದು ಗುಲಾಬಿ ಬಣ್ಣದ ಹೃದಯದೊಳಗೆ ಗಿರಗಿರ ತಿರುಗುತ್ತಿತ್ತು.

“ಹೆಂಗಿದೆ ಅಣ್ಣ?”

“ನಮ್ಮತ್ತೇನ ಬುಗುರಿ ಮಾಡಿದ್ದೀಯಲ್ಲಪ್ಪ,” ಎಂದು ರಾಯರು ತಾಳ್ಮೆಯಿಂದ ಒಂದೊಂದೇ ಹೃದಯ ಕಿತ್ತುಹಾಕಿದರು. ಅದಕ್ಕೇ ಮಧ್ಯಾಹ್ನದ ಊಟದ ಹೊತ್ತು ಹೋಯಿತು.

ಮುಂದೆ ಜಗಳ ಡಿಸ್ಕಿನ ಮೇಲೆ ಬಂತು. ಇಡೀ ಮದುವೆಯನ್ನು ಒಂದೇ ಡಿಸ್ಕಿಗೆ ತುಂಬಿ ಎಂದರು ಮಾಲೀಕರು. ಎರಡು ಬೇಕು ಎಂದರು ರಾಯರು.

“ಒಂದರಲ್ಲಿ ಹಿಡಿಸುತ್ತೆ ಅಂತ ಕಂಪ್ಯೂಟರೇ ಹೇಳ್ತಿದೆಯಲ್ರೀ.”

“ಇಸ್ತ್ರಿ ಮಾಡಿದ ಬಟ್ಟೇನ ಸಣ್ಣ ಟ್ರಂಕಿಗೆ ತುರುಕಿದರೂ ಹಿಡಿಸುತ್ತೆ ಸಾರ್. ತೆಗೆದಾಗ ಇಸ್ತ್ರಿ ಇರುತ್ತಾ? ಜಾಗ ಕಡಿಮೆ ಆದಷ್ಟೂ ಚಿತ್ರ ಮುದ್ದೆ ಆಗುತ್ತೆ. ಯಾರಾದರೂ ಕೈ ಬೀಸಿದರೆ ಸಾಕು, ಕೈಯೆಲ್ಲ ಚೌಕ ಚೌಕ ಕಾಣುತ್ತೆ.”

ಮಾಲೀಕರು ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡು ಎರಡಕ್ಕೆ ಒಪ್ಪಿದರು. ಥಳಕು ಮಾತ್ರ, ಡಿಸ್ಕಿಗೆ ಚಿತ್ರ ಬರೆದು ಸುಡುವಾಗಲಾದರೂ ವೇಗವಾಗಿ ಸುಡೋಣ ಎಂದು ಹಠ ಹಿಡಿದು, ತಾನೇ ಗುಂಡಿ ಒತ್ತಿದ. ಮೊದಲ ಡಿಸ್ಕು ಕೊನೆಯವರೆಗೂ ಚೆನ್ನಾಗಿ ಓಡಿ, ಇನ್ನೇನು ಮುಗಿಯಿತು ಎನ್ನುವಾಗ ಕೆಟ್ಟು ಕೂತಿತು. ರಾಯರು ಬಯ್ಯಲಿಲ್ಲ. ಬೇರೆ ಎರಡು ಡಿಸ್ಕ್ ತೆಗೆದು, ಒಂದೊಂದನ್ನೂ ಅಂಚಿನಲ್ಲೇ ಹಿಡಿದು, ಎಲ್ಲಕ್ಕಿಂತ ನಿಧಾನದ ವೇಗಕ್ಕಿಟ್ಟು, ಹಾಲು ಕಾಯಲು ಇಟ್ಟವರಂತೆ ಅದರ ಎದುರೇ ನಿಂತರು. ಹೆಂಡತಿಯ ಫೋನು ಬಂತು.

“ಎಲ್ಲರೂ ಬಂದಾಯ್ತು ರೀ. ಅಮ್ಮ ಬಾಗಿಲಲ್ಲೇ ನಿಂತಿದಾರೆ. ಕ್ಲಿಯರಾಗಿದೆಯಾ?”

“ನಿಮ್ಮಮ್ಮನ ಓಲೆಯಲ್ಲಿರೋ ಹರಳು ಎಣಿಸಬಹುದು,” ಎಂದರು ರಾಯರು. ಆ ದಿನ ಅವರ ದನಿಯಲ್ಲಿ ಹೆಮ್ಮೆ ಸುಳಿದದ್ದು ಅದೊಂದೇ ಸಲ. ಅಷ್ಟು ಹೆಮ್ಮೆಗೆ ಅವರು ಹಕ್ಕುದಾರರೂ ಆಗಿದ್ದರು.

ಅತ್ತೆ ಮನೆಯ ನಡುಮನೆ ನೆಂಟರಿಂದ ತುಂಬಿತ್ತು. ಟೀವಿಯ ಮೇಲ್ಗಡೆ, ಅಂದಿನ ದಿನಕ್ಕೆಂದೇ ದೊಡ್ಡದು ಮಾಡಿಸಿದ್ದ ಅತ್ತೆ ಮಾವನ ಮದುವೆ ಫೋಟೋ ತೂಗುಹಾಕಿದ್ದರು. ರಾಯರ ಹಿಂದೆಯೇ ಮಾಲೀಕರೂ ಥಳಕೂ ಕರೆಯದೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಮೊದಲ ಡಿಸ್ಕ್ ತಿರುಗಿತು.

ನೆಂಟರೆಲ್ಲ ಟೀವಿಯತ್ತ ಬಾಗಿದರು. ಹೂವಿನ ಎಸಳು ಎಸಳೂ ಬೇರೆ ಬೇರೆ ಕಂಡಿತು. ಉಡುಗೊರೆ ಪೊಟ್ಟಣಗಳ ಕಾಗದ ಮಿರಿಮಿರಿ ಮಿಂಚಿತು.

“ನಿನ್ನೆ ತೆಗೆದ ಹಾಗಿದೆಯಲ್ಲೇ,” ಎಂದರು ದೊಡ್ಡಮ್ಮ, ಅಂದರೆ ಅತ್ತೆಯ ಅಕ್ಕ. “ಅಳಿಯಂದ್ರು ಚಿನ್ನದಂಥ ಕೆಲಸ ಮಾಡಿದಾರೆ.”

ಅತ್ತೆ ರಾಯರ ಕಡೆ ತಿರುಗಿ ನೋಡಿದರು. ಇಷ್ಟು ತಿಂಗಳಲ್ಲಿ ಮೊದಲ ಸಲ, ಅಳಿಯನನ್ನು ನೋಡುವ ಹಾಗೆ ನೋಡಿದರು. ರಾಯರ ಕಣ್ಣು ತುಂಬಿಬಂತು.

ಆಗ ಟೀವಿಯಲ್ಲಿ ಮದುಮಗಳು ತಲೆ ಎತ್ತಿದಳು.

ಮಾವನವರು ಕನ್ನಡಕ ಸರಿಮಾಡಿಕೊಂಡರು. ಟೀವಿಯೊಳಗಿನ ಮದುಮಗಳನ್ನು ನೋಡಿದರು, ಮೇಲಿನ ಫೋಟೋ ನೋಡಿದರು, ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿದರು.

“ಇವಳ್ಯಾರು?” ಎಂದರು.

“ಅದನ್ನ ನಾನು ಕೇಳಬೇಕು,” ಎಂದರು ಅತ್ತೆ. “ಅವಳ ಪಕ್ಕದಲ್ಲಿರೋ ಗಂಡಸು ಯಾರು?”

ನೆಂಟರು ಒಬ್ಬೊಬ್ಬರೇ ತಮ್ಮನ್ನು ಹುಡುಕಿಕೊಳ್ಳತೊಡಗಿದರು. ಚಿಕ್ಕಪ್ಪ ಇರಲಿಲ್ಲ. ಹಸಿರು ಕಲೆ ಇತ್ತು, ಅದು ದೊಡ್ಡಮ್ಮನಾಗಿರಲಿಲ್ಲ. ಬಾಗಿಲಿಗೆ ಕಟ್ಟಿದ ಹಸಿರು ಪರದೆಯಾಗಿತ್ತು. ಮೂವತ್ತು ವರ್ಷ ಪರದೆಯಾಗಿ ಬಾಳಿದ ದೊಡ್ಡಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

“ಅಳಿಯಂದ್ರೇ, ನಮ್ಮನ್ನ ಏನು ಮಾಡಿದ್ರಿ?” ಎಂದರು ಅತ್ತೆ.

“ನಾನೇನೂ ಮಾಡಿಲ್ಲ ಅತ್ತೆ. ಟೇಪಿನಲ್ಲಿ ಇದ್ದದ್ದೇ ಇದು.”

“ಟೇಪಿನಲ್ಲಿ ನಾವಿದ್ವಿ. ವರ್ಷ ವರ್ಷ ನೋಡಿದೀವಿ. ಎಲ್ಲಿ, ಟೇಪ್ ಕೊಡಿ.”

ರಾಯರು ಚೀಲದಿಂದ ಆ ಉಂಡೆಯನ್ನು ತೆಗೆದಿಟ್ಟರು. ಮಾಲೀಕರು ಮೆಲ್ಲಗೆ ಹಿಂದಿನ ಸಾಲಿಗೆ ಹೋದರು. “ನಾನು ಹೃದಯ ಹಾಕಿದಾಗ ಮುಖ ಇಷ್ಟು ಗೊತ್ತಾಗ್ತಿರಲಿಲ್ಲ,” ಎಂದ ಥಳಕು.

ಕೊನೆಗೆ ಮಾವನವರಿಗೇ ನೆನಪಾಯಿತು. ಅವರ ಮದುವೆಯ ದಿನ ಅದೇ ಕಟ್ಟಡದ ಮೇಲಿನ ಹಾಲಿನಲ್ಲಿ ಇನ್ನೊಂದು ಮದುವೆ ಇತ್ತು. ವಿಡಿಯೋದವನು ಇಬ್ಬರಿಗೂ ಒಬ್ಬನೇ. ಅವನು ಕ್ಯಾಸೆಟ್ ಅದಲು ಬದಲು ಮಾಡಿ ಕೊಟ್ಟಿದ್ದ. ಮಂಜಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

“ಹಾಗಾದರೆ ಇಷ್ಟು ವರ್ಷ ನಾನು ಅತ್ತದ್ದು ಇವಳನ್ನ ನೋಡ್ಕೊಂಡಾ?” ಎಂದರು ಅತ್ತೆ ಮೆಲ್ಲಗೆ. ರಾಯರ ಹೆಂಡತಿ ಹೋಗಿ ಟೀವಿ ಆರಿಸಿದಳು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ನೇರವಾಗಿ ರಾಯರ ಮುಂದೆ ಬಂದು ನಿಂತರು.

“ನಿಮ್ಮ ಕೈಯಲ್ಲಿ ಕೆಲಸ ಇದೆ, ಇಲ್ಲ ಅನ್ನಲ್ಲ,” ಎಂದರು. “ಇಂಥವರಿಗೆ ಇದೂ ಕಷ್ಟ ಆಗಲ್ಲ. ಮುಂದಿನ ಭಾನುವಾರ ಎಲ್ಲರನ್ನೂ ಮತ್ತೆ ಕರೀತೀನಿ. ಅಷ್ಟರೊಳಗೆ ಇದನ್ನ ಮೊದಲಿದ್ದ ಹಾಗೆ ಮಾಡಿಕೊಡಿ.”

“ಮೊದಲಿದ್ದ ಹಾಗೆ ಅಂದರೆ?”

“ಮಸುಕಾಗಿ. ಅದರಲ್ಲಿ ನಾವಿದ್ವಿ. ನಮ್ಮನ್ನ ವಾಪಸ್ ತನ್ನಿ.”

ಬೇರೆ ಯಾರಾಗಿದ್ದರೂ ಅಲ್ಲಿಂದಲೇ ಓಡಿಹೋಗುತ್ತಿದ್ದರು. ರಾಯರು ಜೇಬಿನಿಂದ ಪೆನ್ನು ತೆಗೆದು, ಕರಡು ತಿದ್ದಲು ಕೂತವರಂತೆ ಅತಿ ವಿನಯದಿಂದ ಕೇಳಿದರು:

“ಎಷ್ಟು ಮಸುಕು ಬೇಕು ಅತ್ತೆ?”

ಅತ್ತೆ ದೊಡ್ಡಮ್ಮನ ಕಡೆ ನೋಡಿದರು.

“ಅಕ್ಕ ಇರಬೇಕು,” ಎಂದರು, “ಪರದೆ ಹೋಗಬೇಕು.”